ಹೊಗೆಗೆ ಹತ್ತು ಕಿಲೋಮೀಟರ್ ಗಡಿ: ಆಮ್ಲ ಮಳೆಯ ಕಾನೂನು ಮತ್ತು ನಮ್ಮ ಹಿಂಗಾರಿ ಗಾಳಿ

2025ರ ಜುಲೈ 11ರಂದು ಕೇಂದ್ರ ಪರಿಸರ ಸಚಿವಾಲಯ ಒಂದು ಅಧಿಸೂಚನೆ ಹೊರಡಿಸಿತು. ಕಲ್ಲಿದ್ದಲು ಸುಡುವ ವಿದ್ಯುತ್ ಸ್ಥಾವರಗಳ ಹೊಗೆಯಲ್ಲಿ ಸಲ್ಫರ್ ಡೈಆಕ್ಸೈಡ್ ಎಷ್ಟಿರಬಹುದು ಎಂದು ಹತ್ತು ವರ್ಷ ಹಿಂದೆ ಇದೇ ಸಚಿವಾಲಯ ಮಿತಿ ಹಾಕಿತ್ತು. ಈಗ ದೇಶದ ಮುಕ್ಕಾಲು ಪಾಲಿಗಿಂತ ಜಾಸ್ತಿ ಘಟಕಗಳಿಗೆ ಆ ಮಿತಿಯಿಂದ ವಿನಾಯಿತಿ ಸಿಕ್ಕಿದೆ. ಯಾರಿಗೆ ವಿನಾಯಿತಿ, ಯಾರಿಗಿಲ್ಲ ಅಂತ ತೀರ್ಮಾನಿಸಲು ಮುಖ್ಯವಾಗಿ ಬಳಸಿದ್ದು ಒಂದೇ ಅಳತೆ. ಹತ್ತು ಕಿಲೋಮೀಟರ್.

ಲೆಕ್ಕ ಹೀಗಿದೆ. ದೆಹಲಿ ರಾಜಧಾನಿ ವಲಯದಿಂದ ಅಥವಾ 2011ರ ಜನಗಣತಿ ಪ್ರಕಾರ 10 ಲಕ್ಷ ದಾಟಿದ ನಗರದಿಂದ 10 ಕಿ.ಮೀ. ಒಳಗಿರುವ ಸ್ಥಾವರ 'ಎ' ಗುಂಪು. ಇವು 2027ರ ಕೊನೆಯೊಳಗೆ ಮಿತಿ ಪಾಲಿಸಲೇಬೇಕು. ತೀವ್ರ ಮಾಲಿನ್ಯದ ಪ್ರದೇಶ ಅಥವಾ ಗಾಳಿಯ ಗುಣಮಟ್ಟ ಸಾಲದು ಎಂದು ಗುರುತಿಸಿದ ನಗರದಿಂದ 10 ಕಿ.ಮೀ. ಒಳಗಿದ್ದರೆ 'ಬಿ'. ಇವುಗಳ ವಿಷಯವನ್ನು ತಜ್ಞರ ಸಮಿತಿ ಒಂದೊಂದಾಗಿ ನೋಡಿ ಹೇಳುತ್ತದೆ. ಉಳಿದದ್ದೆಲ್ಲ 'ಸಿ'. ಇವುಗಳಿಗೆ ಮಿತಿಯೇ ಇಲ್ಲ. ಚಿಮಣಿ ನಿಯಮದಲ್ಲಿ ಹೇಳಿದಷ್ಟು ಎತ್ತರ ಇದ್ದರೆ ಸಾಕು.

ಹುಬ್ಬಳ್ಳಿ-ಧಾರವಾಡದಲ್ಲಿ ಕೂತು ಇದನ್ನು ಓದಿದವರಿಗೆ ಇದು ನಮ್ಮ ಸುದ್ದಿ ಅಲ್ಲ ಅನ್ನಿಸಬಹುದು. 2011ರಲ್ಲಿ ಅವಳಿ ನಗರದ ಜನಸಂಖ್ಯೆ ಸುಮಾರು 9.43 ಲಕ್ಷ, ಹತ್ತು ಲಕ್ಷದ ಗೆರೆ ಮುಟ್ಟಿರಲಿಲ್ಲ. ಗಾಳಿ ಸರಿಯಿಲ್ಲದ ನಗರಗಳ ಪಟ್ಟಿಯಲ್ಲಿ ಕರ್ನಾಟಕದಿಂದ ಬೆಂಗಳೂರು, ದಾವಣಗೆರೆ, ಕಲಬುರಗಿ ಜೊತೆ ನಮ್ಮ ಹೆಸರೂ ಇದೆ. ಆದರೆ ಹತ್ತು ಕಿ.ಮೀ. ಒಳಗೆ ಕಲ್ಲಿದ್ದಲು ವಿದ್ಯುತ್ ಸ್ಥಾವರ ಎಲ್ಲಿದೆ? ಗದಗ, ಹಾವೇರಿಯಲ್ಲೂ ಇಲ್ಲ. ಹಾಗಾಗಿ ಈ ಅಧಿಸೂಚನೆಯ ನಕ್ಷೆಯಲ್ಲಿ ನಮ್ಮ ಮೂರೂ ಜಿಲ್ಲೆಗಳು ಬರುವುದೇ ಇಲ್ಲ.

ನನ್ನ ತಕರಾರು ಇರುವುದು ಇಲ್ಲೇ. ಆಮ್ಲ ಮಳೆ ಅನ್ನುವುದು ಚಿಮಣಿಯ ನೆರಳಲ್ಲಿ ಬೀಳುವ ವಸ್ತು ಅಲ್ಲ. ಅದು ದೂರದಲ್ಲಿ ಬೀಳುತ್ತದೆ. ದೂರದಲ್ಲಿ ಆಗುವ ಹಾನಿಗೆ ಹತ್ತಿರದ ಅಳತೆಗೋಲು ಹಿಡಿದರೆ ಲೆಕ್ಕ ಸುಲಭವಾಗುತ್ತದೆ, ಉತ್ತರ ತಪ್ಪುತ್ತದೆ.

ಎತ್ತರದ ಚಿಮಣಿ ಏನು ಮಾಡುತ್ತದೆ

ಕಲ್ಲಿದ್ದಲಿನಲ್ಲಿ ಗಂಧಕ ಇರುತ್ತದೆ. ಸುಟ್ಟಾಗ ಅದು ಸಲ್ಫರ್ ಡೈಆಕ್ಸೈಡ್ ಆಗಿ ಮೇಲೆ ಹೋಗುತ್ತದೆ. ಹೆಚ್ಚಿನ ಶಾಖದಲ್ಲಿ ಗಾಳಿಯ ಸಾರಜನಕವೂ ಸೇರಿ ನೈಟ್ರೋಜನ್ ಆಕ್ಸೈಡ್ ಆಗುತ್ತದೆ. ಬಸ್ಸು, ಲಾರಿ, ಜನರೇಟರ್‌ಗಳಿಂದ ಜಾಸ್ತಿ ಬರುವುದು ಈ ಎರಡನೆಯದು. ಎರಡೂ ಆಕಾಶದಲ್ಲಿ ತೇವ ಮತ್ತು ಬಿಸಿಲಿನ ಜೊತೆ ಸೇರಿ ಸಲ್ಫ್ಯೂರಿಕ್ ಆಮ್ಲ, ನೈಟ್ರಿಕ್ ಆಮ್ಲ ಆಗಲು ಕೆಲವು ಗಂಟೆಯಿಂದ ಕೆಲವು ದಿನ ಬೇಕು. ಅಷ್ಟರಲ್ಲಿ ಗಾಳಿ ಸುಮ್ನೆ ಕೂತಿರುವುದಿಲ್ಲವಲ್ಲ. ಗಂಟೆಗೆ ಹದಿನೈದು ಕಿ.ಮೀ. ವೇಗದಲ್ಲಿ ಬೀಸಿದರೂ ಒಂದು ರಾತ್ರಿಯಲ್ಲಿ ನೂರೈವತ್ತು ಕಿ.ಮೀ. ದಾಟುತ್ತದೆ.

ಯಾವ ಹೊಗೆಯೂ ಇಲ್ಲದ ಕಡೆಯ ಮಳೆಯೂ ಸ್ವಲ್ಪ ಹುಳಿಯೇ. ಗಾಳಿಯ ಕಾರ್ಬನ್ ಡೈಆಕ್ಸೈಡ್ ಕರಗಿ ಅದರ ಪಿಎಚ್ 5.6ರ ಸುತ್ತ ಇರುತ್ತದೆ. ಅದಕ್ಕಿಂತ ಕೆಳಗಿಳಿದರೆ ಆಮ್ಲ ಮಳೆ ಅನ್ನುತ್ತಾರೆ. ಪಿಎಚ್ ಒಂದು ಅಂಕ ಇಳಿಯಿತು ಎಂದರೆ ಆಮ್ಲ ಹತ್ತು ಪಟ್ಟು ಆಯಿತು ಎಂದರ್ಥ.

ಇಂಗ್ಲೆಂಡಿನ ಮ್ಯಾಂಚೆಸ್ಟರ್ ಸುತ್ತಲಿನ ಮಳೆ ಅಳೆದ ರಾಬರ್ಟ್ ಆಂಗಸ್ ಸ್ಮಿತ್ ಎಂಬ ರಸಾಯನ ವಿಜ್ಞಾನಿ 1872ರಲ್ಲೇ ಈ ಬಗ್ಗೆ ಬರೆದಿದ್ದ. ಆಗ ಚಿಮಣಿಗಳು ಗಿಡ್ಡ, ಊರಿನ ಹೊಗೆ ಹೆಚ್ಚಾಗಿ ಊರಿಗೇ ಬೀಳುತ್ತಿತ್ತು. 1952ರ ಡಿಸೆಂಬರಿನಲ್ಲಿ ಲಂಡನ್ ಹೊಗೆಮಂಜು ಸಾವಿರಾರು ಜನರನ್ನು ಬಲಿ ತೆಗೆದುಕೊಂಡ ಮೇಲೆ ಬ್ರಿಟನ್ 1956ರಲ್ಲಿ ಶುದ್ಧ ಗಾಳಿ ಕಾಯ್ದೆ ತಂದಿತು. ವಿದ್ಯುತ್ ಸ್ಥಾವರಗಳು ಊರಾಚೆ ಹೋದವು, ಚಿಮಣಿಗಳು ಎತ್ತರ ಆದವು. ಊರಿನ ಗಾಳಿ ನಿಜಕ್ಕೂ ಸುಧಾರಿಸಿತು. 1960ರ ದಶಕದ ಕೊನೆಗೆ ಸ್ವೀಡನ್ನಿನ ಸ್ವಾಂಟೆ ಓಡೆನ್ ಎಂಬ ಮಣ್ಣು ವಿಜ್ಞಾನಿ ತನ್ನ ದೇಶದ ಕೆರೆಗಳಲ್ಲಿ ಮೀನು ಸಾಯುತ್ತಿರುವುದಕ್ಕೆ ಕಾರಣ ಹುಡುಕುತ್ತಾ ಹೋದ. ಸಿಕ್ಕಿದ್ದು ಬ್ರಿಟನ್ ಮತ್ತು ಜರ್ಮನಿ ಕಡೆಯಿಂದ ಗಾಳಿಯಲ್ಲಿ ಬಂದ ಗಂಧಕ.

ಕೆನಡಾದ ಸಡ್‌ಬರಿಯಲ್ಲಿ 1972ರಲ್ಲಿ ನಿಕ್ಕಲ್ ಕಾರ್ಖಾನೆಯೊಂದು 381 ಮೀಟರ್ ಎತ್ತರದ ಚಿಮಣಿ ಕಟ್ಟಿತು. ಸುತ್ತಲಿನ ಬೋಳು ಗುಡ್ಡಗಳಲ್ಲಿ ಮತ್ತೆ ಹಸಿರು ಚಿಗುರಿತು. ಹೊಗೆ ಮಾತ್ರ ನೂರಾರು ಕಿ.ಮೀ. ಆಚೆ ಇಳಿಯತೊಡಗಿತು. ಅಮೆರಿಕದ ಕಥೆ ಇನ್ನೂ ಪಾಠ ಕಲಿಸುವಂಥದ್ದು. 1970ರ ಕಾಯ್ದೆ ಸ್ಥಾವರದ ಸುತ್ತಲಿನ ನೆಲಮಟ್ಟದ ಗಾಳಿಯನ್ನೇ ಮುಖ್ಯವಾಗಿ ನೋಡುತ್ತಿತ್ತು. ಕಂಪನಿಗಳು ಗಂಧಕ ಕಡಿಮೆ ಮಾಡುವ ಬದಲು ಚಿಮಣಿ ಏರಿಸಿದವು. ಕಾನೂನು ಪಾಲಿಸಿದ ಹಾಗೂ ಆಯಿತು, ಖರ್ಚು ಉಳಿದ ಹಾಗೂ ಆಯಿತು. ಈ ಆಟ ಗೊತ್ತಾಗಿ ಅಲ್ಲಿನ ಸಂಸತ್ತು 1977ರಲ್ಲಿ ತಿದ್ದುಪಡಿ ತಂದಿತು: ಬೇಕಾದ್ದಕ್ಕಿಂತ ಎತ್ತರ ಮಾಡಿದ ಚಿಮಣಿಯನ್ನು ಮಾಲಿನ್ಯ ಇಳಿಸಿದ ಲೆಕ್ಕಕ್ಕೆ ಹಿಡಿಯುವಂತಿಲ್ಲ.

ನಮ್ಮ ನಿಯಮದಲ್ಲಿ 500 ಮೆಗಾವ್ಯಾಟ್ ಮತ್ತು ಮೇಲಿನ ಘಟಕಕ್ಕೆ 275 ಮೀಟರ್ ಚಿಮಣಿ. 200ರಿಂದ 500 ಮೆಗಾವ್ಯಾಟ್ ನಡುವಿನವಕ್ಕೆ 220 ಮೀಟರ್. ಅಮೆರಿಕ 1977ರಲ್ಲಿ ಲೆಕ್ಕಕ್ಕಿಲ್ಲ ಎಂದಿದ್ದನ್ನು ನಾವು 2025ರಲ್ಲಿ ವಿನಾಯಿತಿಯ ಷರತ್ತು ಮಾಡಿಕೊಂಡಿದ್ದೇವೆ.

ಗಾಳಿ ಯಾವ ಕಡೆಯಿಂದ?

ಈಗ ನಮ್ಮ ನಕ್ಷೆ ಬಿಡಿಸೋಣ. ಗದಗದಿಂದ ಪೂರ್ವಕ್ಕೆ ಹೊರಟರೆ ಕೊಪ್ಪಳ, ಅಲ್ಲಿ ಗಿಣಿಗೇರಿ ಸುತ್ತ ಉಕ್ಕು ಮತ್ತು ಸ್ಪಾಂಜ್ ಐರನ್ ಕಾರ್ಖಾನೆಗಳು. ಮುಂದೆ ತೋರಣಗಲ್ಲು, ದೇಶದ ದೊಡ್ಡ ಉಕ್ಕಿನ ಕಾರ್ಖಾನೆಗಳಲ್ಲಿ ಒಂದು. ಅದರಾಚೆ ಕುಡುತಿನಿಯಲ್ಲಿ 1,700 ಮೆಗಾವ್ಯಾಟ್‌ನ ಬಳ್ಳಾರಿ ಉಷ್ಣ ವಿದ್ಯುತ್ ಸ್ಥಾವರ. ಈಶಾನ್ಯಕ್ಕೆ ರಾಯಚೂರಿನ ಶಕ್ತಿನಗರ 1,720, ಯರಮರಸ್ 1,600. ಉತ್ತರಕ್ಕೆ ಸ್ವಲ್ಪ ಪೂರ್ವ ಮಗ್ಗುಲಾಗಿ ವಿಜಯಪುರ ಜಿಲ್ಲೆಯ ಕೂಡಗಿ, ಎನ್‌ಟಿಪಿಸಿಯ 2,400 ಮೆಗಾವ್ಯಾಟ್. ಗದಗದಿಂದ ಕುಡುತಿನಿ ನೇರ ಗೆರೆಯಲ್ಲಿ 120 ಕಿ.ಮೀ. ಆಸುಪಾಸು, ಹುಬ್ಬಳ್ಳಿಯಿಂದ ಕೂಡಗಿ 150 ಕಿ.ಮೀ. ಹತ್ತಿರ. ರಾಜ್ಯದ ಕಲ್ಲಿದ್ದಲು ವಿದ್ಯುತ್ತಿನ ಬಹುಪಾಲು ಹೀಗೆ ನಮ್ಮ ಪೂರ್ವ ಮತ್ತು ಈಶಾನ್ಯ ದಿಕ್ಕಿನಲ್ಲಿ ಕೂತಿದೆ.

ಮುಂಗಾರಿನಲ್ಲಿ ಇದರಿಂದ ನಮಗೆ ತೊಂದರೆ ಕಡಿಮೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಗಾಳಿ ಅರಬ್ಬಿ ಸಮುದ್ರದ ಕಡೆಯಿಂದ ಬರುತ್ತದೆ. ಕಪ್ಪತಗುಡ್ಡದ ಫ್ಯಾನುಗಳನ್ನು ತಿರುಗಿಸುವ ಆ ಗಾಳಿ ಬಳ್ಳಾರಿ, ರಾಯಚೂರಿನ ಹೊಗೆಯನ್ನು ಆಂಧ್ರ, ತೆಲಂಗಾಣದ ಕಡೆ ನೂಕುತ್ತದೆ. ನಮ್ಮ ಪಡುವಣ ದಿಕ್ಕಿನ ಕರಾವಳಿಯಲ್ಲಿರುವ ದೊಡ್ಡ ಕಲ್ಲಿದ್ದಲು ಸ್ಥಾವರ ಉಡುಪಿ ಜಿಲ್ಲೆಯದು. ಅದನ್ನು ಕಟ್ಟುವಾಗಲೇ ಗಂಧಕ ತೊಳೆಯುವ ಯಂತ್ರ ಕೂರಿಸಿದ್ದಾರೆ.

ಅಕ್ಟೋಬರಿನಲ್ಲಿ ಗಾಳಿ ತಿರುಗುತ್ತದೆ. ಹಿಂಗಾರಿ ಶುರು. ಈಗ ಅದು ಪೂರ್ವ, ಈಶಾನ್ಯದಿಂದ ಬೀಸುತ್ತದೆ. ಬಿಳಿಜೋಳ, ಕಡಲೆ, ಕುಸುಬಿ ಬಿತ್ತುವ ಕಾಲ. ಮಳೆ ಮುಂಗಾರಿಯಷ್ಟು ಬೀಳುವುದಿಲ್ಲ. ಆದರೆ ಎರೆ ಹೊಲದವನಿಗೆ ವರ್ಷದ ಊಟ ನಿಲ್ಲುವುದು ಆ ನಾಲ್ಕು ಮಳೆಯ ಮೇಲೆಯೇ. ಮಳೆ ಇಲ್ಲದ ದಿನವೂ ಸಲ್ಫೇಟ್ ಸುಮ್ಮನಿರುವುದಿಲ್ಲ. ಒಣ ಪುಡಿಯಾಗಿ, ಇಬ್ಬನಿಯಲ್ಲಿ ಕರಗಿ ಕೆಳಗೆ ಕೂರುತ್ತದೆ. (ಕಡಲೆ ಹೊಲದಲ್ಲಿ ನಸುಕಿನಲ್ಲಿ ಬಟ್ಟೆ ಹಾಸಿ ಹುಳಿ ಹಿಂಡಿದವರು ಈಗ ಬೆಚ್ಚಿ ಬೀಳಬೇಕಿಲ್ಲ. ಆ ಹುಳಿ ಗಿಡ ತಾನೇ ಒಸರುವ ಆಮ್ಲ, ಆಕಾಶದ್ದಲ್ಲ.)

ಹಾಗಾದರೆ ನಮ್ಮಲ್ಲಿ ಮಳೆ ಆಗಲೇ ಹುಳಿಯಾಗಿದೆಯಾ? ಹೆದರಿಸುವ ಉತ್ತರ ಕೊಡಲು ನನಗೆ ಮನಸ್ಸಿಲ್ಲ. ನಮ್ಮನ್ನು ಕಾಯುತ್ತಿರುವ ಎರಡು ಸಂಗತಿ ಇವೆ. ಮೊದಲನೆಯದು ಧೂಳು. ಹುಬ್ಬಳ್ಳಿಯ ಧೂಳನ್ನು ಬೈಯದವರು ಯಾರಿದ್ದಾರೆ? ಆದರೆ ಈ ಕಡೆಯ ಮಣ್ಣಿನ ಧೂಳಿನಲ್ಲಿ ಸುಣ್ಣದ ಅಂಶ ಇದೆ. ಹೊಟ್ಟೆ ಹುಳಿ ಬಂದಾಗ ಸೋಡಾ ಕುಡಿದ ಹಾಗೆ, ಅದು ಮೋಡದಲ್ಲಿನ ಆಮ್ಲವನ್ನು ಅಲ್ಲೇ ತಣಿಸುತ್ತದೆ. ಎರಡನೆಯದು ನೆಲ. ನವಲಗುಂದ, ನರಗುಂದ, ರೋಣ, ಅಣ್ಣಿಗೇರಿಯ ಎರೆ ಮಣ್ಣು ಕ್ಷಾರದ್ದು. ಅಗೆದರೆ ಸುಣ್ಣದ ಹರಳು ಸಿಗುತ್ತವೆ. ಸ್ವಲ್ಪ ಆಮ್ಲ ಬಿದ್ದರೆ ಅದು ಲೆಕ್ಕಕ್ಕೇ ತಗೊಳ್ಳುವುದಿಲ್ಲ.

ಎಲ್ಲ ಕಡೆಯೂ ಹಾಗಿಲ್ಲ. ಕಲಘಟಗಿ, ಅಳ್ನಾವರ, ಹಾನಗಲ್ಲಿನ ಕಡೆ ಮಲೆನಾಡಿನ ಸೆರಗು ಶುರುವಾಗುತ್ತದೆ. ಕೆಂಪು, ಜಂಬಿಟ್ಟಿಗೆಯ ಮಣ್ಣು. ಮಳೆ ಜಾಸ್ತಿ, ಸುಣ್ಣ ಮೊದಲೇ ತೊಳೆದು ಹೋಗಿದೆ, ಮಣ್ಣು ತಾನಾಗಿಯೇ ಹುಳಿ. ಅದರಾಚೆ ಪಶ್ಚಿಮ ಘಟ್ಟದ ಕಾಡು. ಪೂರ್ವದ ಗಾಳಿ ಗದಗ, ಹುಬ್ಬಳ್ಳಿ ದಾಟಿ ಹೋಗಿ ಮುಟ್ಟುವುದು ಇದೇ ನೆಲವನ್ನು. ಆಮ್ಲ ತಡೆದುಕೊಳ್ಳುವ ಶಕ್ತಿ ಕಡಿಮೆ ಇರುವುದೂ ಇದಕ್ಕೇ.

ಲಕ್ಕುಂಡಿ ದೇವಾಲಯಗಳ ಬಗ್ಗೆಯೂ ಇದೇ ಪ್ರಶ್ನೆ ಬರುತ್ತದೆ. ತಾಜ್ ಮಹಲಿನ ಅಮೃತಶಿಲೆ ಸುಣ್ಣದ ಜಾತಿಯದು, ಆಮ್ಲ ತಾಗಿದರೆ ಕರಗುತ್ತದೆ. ಅದನ್ನು ಉಳಿಸಲು ಸುಪ್ರೀಂ ಕೋರ್ಟ್ 1996ರ ಡಿಸೆಂಬರಿನಲ್ಲಿ ಸುತ್ತಲಿನ 292 ಕಾರ್ಖಾನೆಗಳಿಗೆ ಕಲ್ಲಿದ್ದಲು ಬಿಟ್ಟು ಅನಿಲಕ್ಕೆ ಬದಲಾಗಿ, ಇಲ್ಲವೇ ಜಾಗ ಬದಲಿಸಿ ಎಂದಿತು. ನಮ್ಮ ಚಾಲುಕ್ಯ ಶಿಲ್ಪಿಗಳು ಬಳಸಿದ ಬಳಪದ ಕಲ್ಲಿನ ರಚನೆ ಬೇರೆ. ಅದಕ್ಕೆ ಅಷ್ಟು ಸುಲಭವಾಗಿ ಆಮ್ಲ ಹತ್ತುವುದಿಲ್ಲ. ಸದ್ಯಕ್ಕೆ ಅದೊಂದು ಪುಣ್ಯ.

ಧೂಳಿನ ಮಾತಿಗೆ ವಾಪಸ್ ಬರುತ್ತೇನೆ, ಯಾಕೆಂದರೆ ಅದರೊಳಗೆ ಒಂದು ತೊಡಕಿದೆ. 2019ರಲ್ಲಿ ಶುರುವಾದ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮದಲ್ಲಿ ಹುಬ್ಬಳ್ಳಿ-ಧಾರವಾಡ ಇದೆ. ರಸ್ತೆ ಗುಡಿಸುವ ಯಂತ್ರ, ನೀರು ಚಿಮುಕಿಸುವ ಲಾರಿ, ಬದಿಯ ಡಾಂಬರು ಎಲ್ಲಕ್ಕೂ ದುಡ್ಡು ಅಲ್ಲಿಂದ ಬರುತ್ತದೆ. ಸಾಧನೆ ಅಳೆಯುವುದು ಗಾಳಿಯಲ್ಲಿ ತೇಲುವ ಕಣಗಳ ಲೆಕ್ಕದಲ್ಲಿ. ಸಲ್ಫರ್ ಡೈಆಕ್ಸೈಡ್ ಅದರ ಗುರಿಯಲ್ಲಿ ಇಲ್ಲ. ಧೂಳು ಇಳಿಯಬೇಕು, ಅದರಲ್ಲಿ ಎರಡು ಮಾತಿಲ್ಲ, ಶ್ವಾಸಕೋಶಕ್ಕೆ ಅದು ವಿಷ. ಆದರೆ ಧೂಳು ಇಳಿದು ಗಂಧಕ ಹಾಗೇ ಉಳಿದರೆ ಮಳೆಯ ಹುಳಿ ಏರುತ್ತದೆ. ಯುರೋಪ್, ಅಮೆರಿಕದಲ್ಲಿ ಬೂದಿ ಮತ್ತು ಧೂಳು ಕಡಿಮೆಯಾದಂತೆ ಮಳೆಯ ಸುಣ್ಣದ ಅಂಶ ಇಳಿದದ್ದನ್ನು ವಿಜ್ಞಾನಿಗಳು 1990ರ ದಶಕದಲ್ಲಿ ದಾಖಲಿಸಿದ್ದಾರೆ. ಎರಡನ್ನೂ ಒಟ್ಟಿಗೆ ಇಳಿಸಬೇಕು. ಕಾನೂನು ಒಂದನ್ನು ಹಿಡಿದು ಇನ್ನೊಂದನ್ನು ಬಿಟ್ಟಿದೆ.

ಹವಾಮಾನ ಇಲಾಖೆ ಮಳೆಯ ಆಮ್ಲ ಅಳೆಯಲು ದೇಶದಲ್ಲಿ ಹತ್ತು ಕೇಂದ್ರ ನಡೆಸುತ್ತದೆ. ಅವುಗಳ 1987ರಿಂದ 2021ರವರೆಗಿನ ದಾಖಲೆ ನೋಡಿದಾಗ ಬಹಳ ಕಡೆ ಪಿಎಚ್ ಇಳಿಯುತ್ತಿರುವುದು ಕಂಡಿದೆ. ವಿಶಾಖಪಟ್ಟಣ, ಪ್ರಯಾಗರಾಜ್, ಅಸ್ಸಾಮಿನ ಮೋಹನ್‌ಬಾರಿ ಎದ್ದು ಕಾಣುತ್ತವೆ. ಮರುಭೂಮಿಯ ಧೂಳು ಬೀಳುವ ಜೋಧಪುರದಲ್ಲಿ ಮಳೆ ಕ್ಷಾರವಾಗಿಯೇ ಇದೆ. ಮೇಲೆ ಹೇಳಿದ ಧೂಳಿನ ತರ್ಕಕ್ಕೆ ಇದಕ್ಕಿಂತ ಒಳ್ಳೆ ಸಾಕ್ಷಿ ಬೇಕಿಲ್ಲ. ಆ ಹತ್ತರಲ್ಲಿ ಕರ್ನಾಟಕದ್ದು ಒಂದೂ ಇಲ್ಲ. ನಮಗೆ ಹತ್ತಿರದ್ದು ಪುಣೆ.

ಅಮೆರಿಕ ಏನು ಮಾಡಿತು

ಆಮ್ಲ ಮಳೆಗೆಂದೇ ಬರೆದ ಕಾನೂನುಗಳಲ್ಲಿ ಜಾಸ್ತಿ ಚರ್ಚೆಯಾದದ್ದು ಅಮೆರಿಕದ 1990ರ ತಿದ್ದುಪಡಿ. ಅಧ್ಯಕ್ಷ ಜಾರ್ಜ್ ಬುಷ್ (ಅಪ್ಪ ಬುಷ್) ಆ ವರ್ಷ ನವೆಂಬರ್ 15ರಂದು ಸಹಿ ಹಾಕಿದರು. ಗುರಿ ಸ್ಪಷ್ಟ: ಸಲ್ಫರ್ ಡೈಆಕ್ಸೈಡನ್ನು 1980ರ ಮಟ್ಟದಿಂದ ಒಂದು ಕೋಟಿ ಟನ್ ಇಳಿಸಬೇಕು. 1995ರಲ್ಲಿ ಮೊದಲು 110 ದೊಡ್ಡ ಸ್ಥಾವರಗಳು, 2000ದಿಂದ ಹೆಚ್ಚುಕಡಿಮೆ ಎಲ್ಲವೂ.

ಯಾವ ಯಂತ್ರ ಹಾಕಬೇಕು ಅಂತ ಸರ್ಕಾರ ಹೇಳಲಿಲ್ಲ. ಇಡೀ ದೇಶಕ್ಕೆ ಇಷ್ಟೇ ಟನ್ ಅಂತ ಮಿತಿ ಹಾಕಿ, ಅಷ್ಟಕ್ಕೆ ಮಾತ್ರ ಪರವಾನಗಿ ಹಂಚಿತು. ಒಂದು ಪರವಾನಗಿಗೆ ಒಂದು ಟನ್. ಕಡಿಮೆ ಬಿಟ್ಟವನು ಉಳಿದದ್ದನ್ನು ಮಾರಬಹುದು, ಜಾಸ್ತಿ ಬಿಡುವವನು ಕೊಳ್ಳಬೇಕು. ಪ್ರತಿ ಚಿಮಣಿಯಲ್ಲೂ ಸದಾ ಅಳೆಯುವ ಮೀಟರ್. ವರ್ಷದ ಕೊನೆಗೆ ಲೆಕ್ಕ ತಾಳೆಯಾಗದಿದ್ದರೆ ಟನ್‌ಗೆ 2,000 ಡಾಲರ್ ದಂಡ, ಬೆಲೆ ಏರಿದಂತೆ ದಂಡವೂ ಏರುತ್ತದೆ. ಜೊತೆಗೆ ಮುಂದಿನ ವರ್ಷದ ಪಾಲಿನಲ್ಲಿ ಕಡಿತ. ನೋಟಿಸು, ವಿಚಾರಣೆ, ಮೇಲ್ಮನವಿ ಅಂತ ಅಲೆದಾಟ ಇಲ್ಲ. ಈ ಕಾನೂನಿನ ಜೀವ ಮಾರುಕಟ್ಟೆಯಲ್ಲಿ ಇತ್ತು ಅಂತ ಅರ್ಥಶಾಸ್ತ್ರದವರು ಹೇಳುತ್ತಾರೆ. ನನಗೆ ಕಾಣುವಂತೆ ಅದು ಇದ್ದದ್ದು ಆ ಮೀಟರಿನಲ್ಲಿ ಮತ್ತು ತಪ್ಪಿಸಿಕೊಳ್ಳಲಾಗದ ಆ ದಂಡದಲ್ಲಿ.

ಖರ್ಚು ಉದ್ಯಮದವರು ಹೆದರಿಸಿದ್ದಕ್ಕಿಂತ ಬಹಳ ಕಡಿಮೆ ಬಂತು. ಅದರಲ್ಲಿ ಅದೃಷ್ಟವೂ ಇತ್ತು. ರೈಲು ಸಾಗಾಣಿಕೆ ಮೇಲಿನ ನಿಯಂತ್ರಣ ಸಡಿಲವಾಗಿ, ವಯೋಮಿಂಗ್ ಕಡೆಯ ಗಂಧಕ ಕಡಿಮೆ ಇರುವ ಕಲ್ಲಿದ್ದಲು ಅಗ್ಗವಾಗಿ ಪೂರ್ವಕ್ಕೆ ಹೋಗತೊಡಗಿತ್ತು. ಮುಂದೆ ಅನಿಲ ಬಂತು, ಬೇರೆ ಕಠಿಣ ನಿಯಮಗಳೂ ಬಂದವು. ಒಟ್ಟಾರೆ 1990ರಲ್ಲಿ ಒಂದೂವರೆ ಕೋಟಿ ಟನ್ ದಾಟಿದ್ದ ಅಲ್ಲಿನ ವಿದ್ಯುತ್ ಸ್ಥಾವರಗಳ ಗಂಧಕದ ಹೊಗೆ ಈಗ ಶೇ. 90ಕ್ಕಿಂತ ಜಾಸ್ತಿ ಇಳಿದಿದೆ.

ಹೊಗೆ ಇಳಿದ ತಕ್ಷಣ ನೆಲ ಸರಿಹೋಗಲಿಲ್ಲ. ಉತ್ತರ ಅಮೆರಿಕದಲ್ಲಿ ಆಮ್ಲ ಮಳೆಯನ್ನು 1963ರಲ್ಲಿ ಮೊದಲು ಗುರುತಿಸಿದ ಹಬಾರ್ಡ್ ಬ್ರೂಕ್ ಕಾಡಿನಲ್ಲಿ ಮಣ್ಣಿನ ಸುಣ್ಣ ಎಷ್ಟು ತೊಳೆದು ಹೋಗಿತ್ತೆಂದರೆ, 1999ರಲ್ಲಿ ಪ್ರಯೋಗಕ್ಕೆಂದು ಹೆಲಿಕಾಪ್ಟರಿನಿಂದ ಕ್ಯಾಲ್ಸಿಯಂ ಖನಿಜ ಉದುರಿಸಿ ನೋಡಿದರು. ಘಟ್ಟದ ಮಣ್ಣಿನ ಬಗ್ಗೆ ಯೋಚಿಸುವಾಗ ನನಗೆ ಇದು ನೆನಪಾಗುತ್ತದೆ.

ಇಂಥ ಮಾರುಕಟ್ಟೆ ನಮ್ಮಲ್ಲಿ ನಡೆಯುವುದಿಲ್ಲ ಅನ್ನುವವರಿಗೆ ಸೂರತ್ ತೋರಿಸಬಹುದು. 2019ರಿಂದ ಅಲ್ಲಿನ ಕಾರ್ಖಾನೆಗಳ ಹೊಗೆಯ ಕಣಗಳಿಗೆ ಗುಜರಾತ್ ಮಾಲಿನ್ಯ ನಿಯಂತ್ರಣ ಮಂಡಳಿ ಇದೇ ಬಗೆಯ ಪರವಾನಗಿ ವ್ಯಾಪಾರ ನಡೆಸಿದೆ. ಹೊಗೆ ಶೇ. 20-30ರಷ್ಟು ಇಳಿದಿದೆ.

ಹತ್ತು ವರ್ಷ, ಐದು ಗಡುವು

ನಮ್ಮಲ್ಲಿ 1981ರ ವಾಯು ಕಾಯ್ದೆ ಇದೆ, 1986ರ ಪರಿಸರ ಸಂರಕ್ಷಣಾ ಕಾಯ್ದೆ ಇದೆ. ಆದರೆ ವಿದ್ಯುತ್ ಸ್ಥಾವರಗಳ ಗಂಧಕಕ್ಕೆ ದೇಶವ್ಯಾಪಿ ಮಿತಿ ಬಂದದ್ದು 2015ರ ಡಿಸೆಂಬರ್ 7ರಂದು. ಹಳೆಯ ಸಣ್ಣ ಘಟಕಗಳ ಪ್ರತಿ ಘನ ಮೀಟರ್ ಹೊಗೆಯಲ್ಲಿ 600 ಮಿಲಿಗ್ರಾಂ, 500 ಮೆಗಾವ್ಯಾಟ್ ಮತ್ತು ಮೇಲಿನವಕ್ಕೆ 200, 2017ರಿಂದ ಶುರುವಾಗುವವಕ್ಕೆ 100. ಎರಡು ವರ್ಷದಲ್ಲಿ ಪಾಲಿಸಿ ಎಂದರು.

2017 ಬಂತು, ಗಡುವು 2022ಕ್ಕೆ ಹೋಯಿತು. 2021ರಲ್ಲಿ ಎ, ಬಿ, ಸಿ ಗುಂಪು ಮಾಡಿ 2024ರ ತನಕ ಎಳೆದರು. 2022ರಲ್ಲಿ ಮತ್ತೆ ಎರಡು ವರ್ಷ. 2024ರ ಡಿಸೆಂಬರ್ 30ರಂದು ಇನ್ನೂ ಮೂರು ವರ್ಷ. ಆರು ತಿಂಗಳು ಕಳೆದ ಮೇಲೆ ವಿನಾಯಿತಿ. ಇಷ್ಟರೊಳಗೆ ಗಂಧಕ ತೊಳೆಯುವ ಯಂತ್ರ, ಅಂದರೆ ಎಫ್‌ಜಿಡಿ, ಹಾಕಿಕೊಂಡಿದ್ದು ಹತ್ತರಲ್ಲಿ ಒಂದು ಘಟಕಕ್ಕಿಂತ ಕಡಿಮೆ. ಮೊದಲೇ ದುಡ್ಡು ಸುರಿದು ಹಾಕಿಕೊಂಡವರು ಈಗ ಪೆದ್ದರಾದರು.

ದಂಡದ ಲೆಕ್ಕ ನೋಡಿದರೆ ಯಾಕೆ ಹೀಗಾಯಿತು ಅಂತ ತಿಳಿಯುತ್ತದೆ. ಎಫ್‌ಜಿಡಿಗೆ ಒಂದು ಮೆಗಾವ್ಯಾಟ್‌ಗೆ ಸುಮಾರು 1.2 ಕೋಟಿ ರೂಪಾಯಿ, ಕರೆಂಟಿನ ಮೇಲೆ ಯೂನಿಟ್‌ಗೆ 25-30 ಪೈಸೆ ಬೀಳುತ್ತದೆ ಅನ್ನುವುದು ಎಲ್ಲರೂ ಹೇಳುವ ಅಂದಾಜು. 2021ರ ಅಧಿಸೂಚನೆಯಲ್ಲಿ ಗಡುವು ಮೀರಿದರೆ ಇದ್ದ ದಂಡ ಯೂನಿಟ್‌ಗೆ 5ರಿಂದ 20 ಪೈಸೆ. ಪಾಲಿಸುವುದಕ್ಕಿಂತ ತಪ್ಪುವುದೇ ಅಗ್ಗ! ಮರುವರ್ಷ ದಂಡ ಏರಿಸಿದರು, ಅದರ ಜೊತೆಗೇ ಗಡುವನ್ನೂ ಮುಂದೆ ಹಾಕಿದರು. ಇನ್ನು ವಾಯು ಕಾಯ್ದೆಯಲ್ಲಿದ್ದ ಜೈಲು ಶಿಕ್ಷೆಯನ್ನು 2023ರ ಜನ್ ವಿಶ್ವಾಸ್ ಕಾಯ್ದೆ ತೆಗೆದು, 10 ಸಾವಿರದಿಂದ 15 ಲಕ್ಷ ರೂಪಾಯಿ ದಂಡ ಮಾಡಿತು. ಸಾವಿರ ಕೋಟಿಯ ಯಂತ್ರದ ಎದುರು ಹದಿನೈದು ಲಕ್ಷ ಯಾವ ಲೆಕ್ಕ?

ಸರ್ಕಾರದ ವಾದವನ್ನೂ ಕೇಳಬೇಕು, ಅದರಲ್ಲಿ ಹುರುಳಿಲ್ಲ ಅಂತಲ್ಲ. ನಮ್ಮ ಕಲ್ಲಿದ್ದಲಿನಲ್ಲಿ ಗಂಧಕ ಶೇ. 0.3ರಿಂದ 0.5ರಷ್ಟು ಮಾತ್ರ. ಬಹುತೇಕ ನಗರಗಳ ಗಾಳಿಯಲ್ಲಿ ಸಲ್ಫರ್ ಡೈಆಕ್ಸೈಡ್ ವರ್ಷದ ಸರಾಸರಿ 50 ಮೈಕ್ರೋಗ್ರಾಂ ಮಿತಿಯೊಳಗೇ ಇದೆ. ಎಫ್‌ಜಿಡಿಗೆ ಸುಣ್ಣದಕಲ್ಲು ಬೇಕು, ನೀರು ಬೇಕು, ಕರೆಂಟೂ ಬೇಕು. ಸುಣ್ಣದಕಲ್ಲು ಆಮ್ಲದ ಜೊತೆ ಸೇರಿದಾಗ ಕಾರ್ಬನ್ ಡೈಆಕ್ಸೈಡ್ ಬರುತ್ತದೆ.

ಒಂದೊಂದಾಗಿ ನೋಡೋಣ. ಗಂಧಕ ಕಡಿಮೆ, ನಿಜ. ಆದರೆ ನಮ್ಮ ಕಲ್ಲಿದ್ದಲಿನಲ್ಲಿ ಬೂದಿ ಜಾಸ್ತಿ, ಕಾವು ಕಡಿಮೆ. ಒಂದು ಯೂನಿಟ್‌ಗೆ ಸುಮಾರು 650 ಗ್ರಾಂ ಸುಡಬೇಕು. ಸಾವಿರ ಮೆಗಾವ್ಯಾಟ್ ಸ್ಥಾವರ ಇಡೀ ದಿನ ಪೂರ್ತಿ ನಡೆದರೆ 15 ಸಾವಿರ ಟನ್ ಕಲ್ಲಿದ್ದಲು. ಶೇ. 0.4 ಅಂತ ಹಿಡಿದರೂ 60 ಟನ್ ಗಂಧಕ, ಅದು ಸುಟ್ಟು 120 ಟನ್ ಸಲ್ಫರ್ ಡೈಆಕ್ಸೈಡ್. ಒಂದೇ ದಿನಕ್ಕೆ. ನಗರದ ಗಾಳಿಯಲ್ಲಿ ಅನಿಲ ಕಡಿಮೆ ಕಾಣುವುದು ಸಹಜ, ಯಾಕೆಂದರೆ ನಗರ ಮುಟ್ಟುವಷ್ಟರಲ್ಲಿ ಅದು ಸಲ್ಫೇಟ್ ಕಣವಾಗಿ ರೂಪ ಬದಲಿಸಿರುತ್ತದೆ. ಆಗ ಅದನ್ನು ಬೇರೆ ಹೆಸರಲ್ಲಿ, ಸೂಕ್ಷ್ಮ ಕಣ ಅಂತ ಅಳೆಯುತ್ತೇವೆ. ಸಲ್ಫರ್ ಡೈಆಕ್ಸೈಡ್ ಮೀಟರಿಗೆ ಅದು ಕಾಣುವುದೇ ಇಲ್ಲ.

ಸುಣ್ಣದಕಲ್ಲಿನ ಕಾರ್ಬನ್ ವಾದ ತೀರಾ ತೆಳು. ಆ 60 ಟನ್ ಗಂಧಕಕ್ಕೆ ಬೇಕಾದ ಸುಣ್ಣದಕಲ್ಲು 190 ಟನ್ನಿನ ಒಳಗೆ, ಅದರಿಂದ ಬರುವ ಕಾರ್ಬನ್ ಡೈಆಕ್ಸೈಡ್ 80 ಟನ್ ಚಿಲ್ಲರೆ. ಅದೇ ದಿನ ಅದೇ ಚಿಮಣಿ ಕಲ್ಲಿದ್ದಲಿನಿಂದ ಬಿಡುವುದು ಇಪ್ಪತ್ತು ಸಾವಿರ ಟನ್ನಿಗಿಂತ ಜಾಸ್ತಿ. ಯಂತ್ರ ತಿನ್ನುವ ಕರೆಂಟು ಸೇರಿಸಿದರೂ ಎರಡು ಪರ್ಸೆಂಟ್ ಆಸುಪಾಸು. ನೀರಿನ ಮಾತು ಗಟ್ಟಿ. ಕೃಷ್ಣಾ, ತುಂಗಭದ್ರಾ ನೀರಿಗೆ ಬಡಿದಾಡುವ ನಾಡಿನಲ್ಲಿ ಅದನ್ನು ಹಗುರ ಮಾಡಲಾಗದು.

ಇಲ್ಲಿ ಶೇಂಗಾ ಬೆಳೆಗಾರರ ಮಾತು ಬರಬೇಕು. ಎಫ್‌ಜಿಡಿಯಲ್ಲಿ ಗಂಧಕ ಸುಣ್ಣದಕಲ್ಲಿಗೆ ಹತ್ತಿ ಕೊನೆಗೆ ಜಿಪ್ಸಂ ಆಗಿ ಹೊರಬರುತ್ತದೆ. ನಮ್ಮ ಹೊಲಗಳಲ್ಲಿ ಗಂಧಕದ ಕೊರತೆ ಇದೆ ಅಂತ 2009ರಲ್ಲಿ ಶುರುವಾದ ಭೂಚೇತನ ಯೋಜನೆಯ ಮಣ್ಣು ಪರೀಕ್ಷೆಗಳೇ ಹೇಳಿದವು. ಶೇಂಗಾಕ್ಕೆ ಎಕರೆಗೆ ಎರಡು ಕ್ವಿಂಟಲ್ ಜಿಪ್ಸಂ ಹಾಕಿ ಅನ್ನುವುದು ಕೃಷಿ ಇಲಾಖೆಯ ಹಳೆಯ ಸಲಹೆ. ಮೇಲಿನ ಸಾವಿರ ಮೆಗಾವ್ಯಾಟ್ ಲೆಕ್ಕದಲ್ಲೇ ದಿನಕ್ಕೆ 300 ಟನ್ ಜಿಪ್ಸಂ ಆಗುತ್ತದೆ, ಅಂದರೆ ಸಾವಿರದ ಐನೂರು ಎಕರೆಗೆ. ಚಿಮಣಿಯಿಂದ ಗಾಳಿಗೆ ಬಿಟ್ಟು, ಅದನ್ನೇ ಚೀಲದಲ್ಲಿ ದುಡ್ಡು ಕೊಟ್ಟು ತರುತ್ತಿದ್ದೇವೆ. ಹೊಲಕ್ಕೆ ಹಾಕುವ ಮೊದಲು ಅದರಲ್ಲಿ ಬೇರೆ ಲೋಹ ಇವೆಯಾ ಅಂತ ಪರೀಕ್ಷೆ ಆಗಬೇಕು, ಅದು ಬೇರೆ ಮಾತು. ಅಮೆರಿಕದ ರೈತರು ಇದನ್ನು ಬಳಸುತ್ತಾರೆ. ಯುರೋಪಿನಲ್ಲಂತೂ ಹೊಗೆ ಇಳಿದ ಮೇಲೆ ಎಣ್ಣೆಕಾಳಿನ ಹೊಲಗಳಿಗೆ ಗಂಧಕ ಬೇರೆ ಹಾಕಬೇಕಾಗಿ ಬಂತು. 'ಆಕಾಶದಿಂದ ಪುಕ್ಕಟೆ ಗೊಬ್ಬರ ಬರುತ್ತಿದೆಯಲ್ಲ, ಬಿಡಿ' ಅಂತ ಯಾರಾದರೂ ಅಂದಾರು. ಆ ಗೊಬ್ಬರ ಹೊಲಕ್ಕಿಂತ ಮೊದಲು ಎದೆಗೂಡಿಗೆ ಇಳಿಯುತ್ತದೆ.

ಇಲ್ಲಿಂದ ಮುಂದೆ ಯಾರ ಕೈಯಲ್ಲಿದೆ

ನಮ್ಮ ದೇಶಕ್ಕೆ ಗಂಧಕ ಇಳಿಸಲು ಬರುವುದಿಲ್ಲ ಅನ್ನುವ ಹಾಗಿಲ್ಲ. ಡೀಸೆಲ್ ನೋಡಿ. ಬಿಎಸ್-3 (ವಾಹನ ಹೊಗೆಯ 'ಭಾರತ್ ಸ್ಟೇಜ್' ನಿಯಮದ ಮೂರನೇ ಹಂತ) ಕಾಲದಲ್ಲಿ ಹತ್ತು ಲಕ್ಷದಲ್ಲಿ 350 ಪಾಲು ಗಂಧಕ, ಬಿಎಸ್-4ರಲ್ಲಿ 50, 2020ರ ಏಪ್ರಿಲ್ 1ರಿಂದ ಬಿಎಸ್-6ರಲ್ಲಿ 10. ಮಧ್ಯದ ಬಿಎಸ್-5 ಮೆಟ್ಟಿಲನ್ನೇ ಹಾರಿದೆವು. ಗಡುವಿನ ನಂತರ ಹಳೆಯ ವಾಹನ ಮಾರುವಂತಿಲ್ಲ ಅಂತ ಸುಪ್ರೀಂ ಕೋರ್ಟ್ 2018ರಲ್ಲೇ ಹೇಳಿತ್ತು, ಆ ಗಡುವು ಉಳಿಯಿತು. ಹುಬ್ಬಳ್ಳಿ-ಧಾರವಾಡ ನಡುವೆ ಓಡುವ ಚಿಗರಿ ಬಸ್ಸಿನ ಟ್ಯಾಂಕಿಗೆ ಬೀಳುವ ಡೀಸೆಲ್ ಇಂದು ಹಿಂದಿನದಕ್ಕಿಂತ ಎಷ್ಟೋ ಪಾಲು ಶುದ್ಧ.

2011ರಲ್ಲಿ ಮುಂಡರಗಿ ತಾಲ್ಲೂಕಿನ ಹಳ್ಳಿಗುಡಿಯಲ್ಲಿ ಪೋಸ್ಕೊ ಉಕ್ಕಿನ ಕಾರ್ಖಾನೆಗೆ ಭೂಮಿ ಕೊಡುವುದಿಲ್ಲ ಎಂದು ಗದಗದ ರೈತರು ಎದ್ದರು. ತೋಂಟದ ಸಿದ್ಧಲಿಂಗ ಸ್ವಾಮೀಜಿ ಮುಂದೆ ನಿಂತರು. ಸರ್ಕಾರ ಹಿಂದೆ ಸರಿಯಿತು. ಅದು ನೆಲದ ಹೋರಾಟ, ಅದಕ್ಕೆ ಗೆಲುವು ಸಿಕ್ಕಿತು. ಆದರೆ ನಮ್ಮೂರಿಗೆ ಚಿಮಣಿ ಬರದ ಹಾಗೆ ತಡೆದವರಿಗೂ ಪಕ್ಕದ ಜಿಲ್ಲೆಯ ಚಿಮಣಿಯ ಬಗ್ಗೆ ಕೇಳುವ ದಾರಿ ಇಲ್ಲ. ಹೊಸ ಕಾರ್ಖಾನೆಯ ಸಾರ್ವಜನಿಕ ಅಹವಾಲು ಸಭೆ ನಡೆಯುವುದು ಅದು ಬರುವ ಜಿಲ್ಲೆಯಲ್ಲಿ. ಗಾಳಿಯ ಕೆಳಗಿರುವವರಿಗೆ ಅಲ್ಲಿ ಕುರ್ಚಿ ಹಾಕಿರುವುದಿಲ್ಲ. ಯುರೋಪ್ ದೇಶಗಳು 1979ರಲ್ಲಿ ಜಿನೀವಾದಲ್ಲಿ ಕೂತು ಗಡಿ ದಾಟುವ ಹೊಗೆಗೆ ಒಪ್ಪಂದ ಮಾಡಿಕೊಂಡವು. ನಮ್ಮಲ್ಲಿ ಒಂದೇ ರಾಜ್ಯದ ಜಿಲ್ಲೆಗಳ ನಡುವೆ ಅಂಥ ಮಾತುಕತೆಯೂ ಇಲ್ಲ.

ಆದರೂ ರಾಜ್ಯದ ಕೈ ಕಟ್ಟಿಲ್ಲ. ಇದನ್ನು ಜನ ಗಮನಿಸುವುದು ಕಡಿಮೆ. 1986ರ ಪರಿಸರ ಸಂರಕ್ಷಣಾ ನಿಯಮಗಳ 3(2)ರ ಪ್ರಕಾರ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ ಕೇಂದ್ರದ್ದಕ್ಕಿಂತ ಬಿಗಿಯಾದ ಮಿತಿ ಹಾಕಬಹುದು. ಶಕ್ತಿನಗರ, ಕುಡುತಿನಿ, ಯರಮರಸ್ ಮೂರೂ ಸ್ಥಾವರಗಳು ರಾಜ್ಯ ಸರ್ಕಾರದ ವಿದ್ಯುತ್ ನಿಗಮ ಕೆಪಿಸಿಎಲ್ ಕೈಯಲ್ಲಿರುವವು. ಯಾರ ಜೊತೆಗೂ ಜಗಳ ಇಲ್ಲ, ದೆಹಲಿಗೆ ಪತ್ರ ಬರೆಯಬೇಕಾಗಿಲ್ಲ. ಸುಣ್ಣದಕಲ್ಲು ಕಲಬುರಗಿ, ಬಾಗಲಕೋಟೆ ಕಡೆ ಬೇಕಾದಷ್ಟಿದೆ. ತೀರಾ ಹಳೆಯ ಘಟಕಗಳಿಗೆ ಈಗ ನೂರಾರು ಕೋಟಿ ಸುರಿಯುವುದಕ್ಕಿಂತ ಅವನ್ನು ಮುಚ್ಚುವ ದಿನ ಗೊತ್ತು ಮಾಡುವುದು ಒಳ್ಳೆಯದು. ಹೊಸ ದೊಡ್ಡ ಘಟಕಗಳಿಗೆ ಎಫ್‌ಜಿಡಿ ಹಾಕಬೇಕು. ಧಾರವಾಡದ ಕೃಷಿ ವಿಶ್ವವಿದ್ಯಾಲಯದ ಮಳೆ ಮಾಪಕದ ಪಕ್ಕದಲ್ಲಿ ಪಿಎಚ್ ಅಳೆಯುವ ಡಬ್ಬಿ ಇಡಲು ಖರ್ಚೇ ಇಲ್ಲ ಅನ್ನಬಹುದು.

ಹಾಗಾದರೆ ತಡೆ ಎಲ್ಲಿದೆ? ನನ್ನ ಊಹೆ, ಬಿಲ್ಲಿನಲ್ಲಿದೆ. ತಿಂಗಳಿಗೆ ನೂರು ಯೂನಿಟ್ ಸುಡುವ ಮನೆಯ ಕರೆಂಟೆಲ್ಲ ಕಲ್ಲಿದ್ದಲಿನದೇ ಅಂತ ಹಿಡಿದರೂ ಎಫ್‌ಜಿಡಿಯಿಂದ ಬೀಳುವುದು 30 ರೂಪಾಯಿ. ಜಲವಿದ್ಯುತ್, ಗಾಳಿ, ಸೋಲಾರ್ ಕಳೆದರೆ ಇನ್ನೂ ಕಡಿಮೆ. ಅದನ್ನು ಕೊಡುವುದೂ ಆ ಮನೆಯವರಲ್ಲ. 2023ರಿಂದ ಗೃಹಜ್ಯೋತಿಯಲ್ಲಿ 200 ಯೂನಿಟ್ ಒಳಗಿನವರ ಬಿಲ್ಲು ಸರ್ಕಾರದ್ದು. ಹತ್ತು ಎಚ್‌ಪಿ ತನಕದ ರೈತರ ಪಂಪ್‌ಸೆಟ್ಟಿನ ಬಿಲ್ಲೂ ಸರ್ಕಾರದ್ದೇ. ಹೆಸ್ಕಾಂ ಅದನ್ನು ಸಬ್ಸಿಡಿ ಅಂತ ಸರ್ಕಾರದಿಂದ ಪಡೆಯುತ್ತದೆ. ಅಂದರೆ ಯೂನಿಟ್‌ಗೆ 25-30 ಪೈಸೆ ಏರಿದರೆ ಅದರ ದೊಡ್ಡ ಪಾಲು ಹೋಗಿ ಬೀಳುವುದು ರಾಜ್ಯದ ಬಜೆಟ್ಟಿನ ಮೇಲೆ. ಸ್ಥಾವರದ ಯಜಮಾನ ಸರ್ಕಾರ, ಮಿತಿ ಹಾಕುವ ಮಂಡಳಿ ಸರ್ಕಾರದ್ದು, ಏರಿದ ಬಿಲ್ಲು ಕಟ್ಟುವುದೂ ಸರ್ಕಾರ. ಕೇಂದ್ರದ ವಿನಾಯಿತಿ ಬಂದಾಗ ಬೆಂಗಳೂರಿನಿಂದ ಯಾಕೆ ಗಟ್ಟಿಯಾಗಿ ಒಂದು ಮಾತೂ ಕೇಳಲಿಲ್ಲ ಅನ್ನುವುದಕ್ಕೆ ಬೇರೆ ಕಾರಣ ಹುಡುಕಬೇಕಿಲ್ಲ ಅನ್ನಿಸುತ್ತದೆ. ಇದನ್ನು ಕೇಳಬೇಕಾದ ಜಾಗ ಪರಿಸರ ಇಲಾಖೆಯ ಬಾಗಿಲಲ್ಲ, ಹಣಕಾಸು ಇಲಾಖೆಯದು. ದರ ಪರಿಷ್ಕರಣೆಗೆ ಮೊದಲು ವಿದ್ಯುತ್ ನಿಯಂತ್ರಣ ಆಯೋಗ ಹೆಸ್ಕಾಂ ಗ್ರಾಹಕರ ಅಹವಾಲು ಕೇಳುತ್ತದೆ. ಗದಗ, ಹಾವೇರಿ, ಧಾರವಾಡದವರು ಯಾರು ಬೇಕಾದರೂ ಹೋಗಿ ಮಾತಾಡಬಹುದು. ಅಲ್ಲಿ ಹತ್ತು ಕಿಲೋಮೀಟರಿನ ನಿಯಮ ಇಲ್ಲ.